ವಾದಮಿತ್ರ



ವಿದ್ವಾಂಸರೂ ವೈದ್ಯರೂ ಶಿಕ್ಷಣತಜ್ಞರೂ ನಿಂತು ಮಾತನಾಡತಕ್ಕ ಈ ದತ್ತಿ ಉಪನ್ಯಾಸದ ಎಡೆಯಲ್ಲಿ, ತಾಲ್ಲೂಕು ಕೇಂದ್ರವೊಂದರ ಸಿವಿಲ್ ನ್ಯಾಯಾಲಯಕ್ಕೆ ಗುಮಾಸ್ತನಾಗಿ ಸೇರಿ, ೩೪ ವರ್ಷ ಕಡತಗಳ ಧೂಳು ಕುಡಿದು, ಶಿರಸ್ತೇದಾರನಾಗಿ ನಿವೃತ್ತನಾದ ನನ್ನಂಥವನನ್ನು ತಂದು ನಿಲ್ಲಿಸಿದುದು ಸಮಿತಿಯವರ ಸೌಜನ್ಯವೋ ಸಾಹಸವೋ ನಾನರಿಯೆ. ಅವರು ನನ್ನನ್ನು ಕರೆದದ್ದು ಪಾಂಡಿತ್ಯವನ್ನು ನೆಚ್ಚಿಯಲ್ಲ. ಆಟಿಸಂ ಎಂಬ ಸ್ಥಿತಿಯುಳ್ಳ ಮಗನೊಬ್ಬನ ತಂದೆ ನಾನೆಂಬ ಕಾರಣಕ್ಕೆ. ಆಹ್ವಾನಪತ್ರದಲ್ಲಿ ಅವರು ಸೂಚಿಸಿದ ವಿಷಯ ವಿಶೇಷ ಅಗತ್ಯಗಳುಳ್ಳ ಮಗುವಿಗಾಗಿ ತಂದೆತಾಯಿಗಳ ಹೋರಾಟ ಎಂದಿತ್ತು. ಆ ಶೀರ್ಷಿಕೆಯನ್ನು ಬದಲಿಸಿಕೊಳ್ಳಲು ಅವರ ಅಪ್ಪಣೆ ಬೇಡಿದೆನು. ಹೋರಾಟವೆಂಬ ಮಾತಿಗೆ ನಮ್ಮ ನಾಡಿನಲ್ಲಿ ಮೆರವಣಿಗೆಯ ಸಡಗರವೊಂದು ಅಂಟಿಕೊಂಡಿದೆ. ಹೋರಾಡಿದವನ ಕೊರಳಿಗೆ ಹಾರ ಬೀಳುತ್ತಿರುವಾಗ, ಯಾರ ಸಲುವಾಗಿ ಹೋರಾಡಿದನೋ ಅವನು ವೇದಿಕೆಯ ಮೆಟ್ಟಿಲ ಬಳಿ ಬೆರಳುಗಳನ್ನು ನೋಡಿಕೊಳ್ಳುತ್ತ ಕುಳಿತಿರುವುದುಂಟು. ನನ್ನ ಕಸುಬು ನನಗೆ ಕೊಟ್ಟ ಇನ್ನೊಂದು ಪದವಿದೆ. ಅದರಲ್ಲಿ ಸಡಗರ ಕಡಮೆ, ಖಚಿತತೆ ಹೆಚ್ಚು. ವಾದಮಿತ್ರ ಎಂಬುದು ಆ ಪದ.

ಕಚೇರಿಯಲ್ಲಿ ನಾವು ಇದನ್ನು ನೆಕ್ಸ್ಟ್ ಫ್ರೆಂಡ್ ಎಂದೇ ಕರೆಯುತ್ತಿದ್ದೆವು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೩೨ನೆಯ ಆದೇಶದಲ್ಲಿ ಇವನ ವೃತ್ತಾಂತವಿದೆ. ಹದಿನೆಂಟು ತುಂಬದ ಬಾಲಕನು ತಾನಾಗಿ ದಾವೆ ಹೂಡಲಾರನು. ಆದರೂ ದಾವೆಯು ಅವನ ಹೆಸರಿನಲ್ಲಿಯೇ ಇರತಕ್ಕದ್ದು, ಅವನ ಪರವಾಗಿ ನಿಂತವನು ಆ ಹೆಸರಿನ ಕೆಳಗೆ 'ಇಂಥವರ ಮೂಲಕ' ಎಂಬ ಎರಡು ಮಾತುಗಳ ನೆರಳಿನಲ್ಲಿ ನಿಲ್ಲತಕ್ಕದ್ದು ಎಂಬುದು ಅದರ ಮೊದಲನೆಯ ನಿಯಮ. ಮನೋದೌರ್ಬಲ್ಯದ ನಿಮಿತ್ತ ತಮ್ಮ ಹಿತವನ್ನು ತಾವು ಕಾಯ್ದುಕೊಳ್ಳಲಾರದವರಿಗೂ ಇದೇ ವ್ಯವಸ್ಥೆ ಅನ್ವಯಿಸುವುದೆಂದು ೧೫ನೆಯ ನಿಯಮ ಹೇಳುತ್ತದೆ. ವಕೀಲನಿಗಾದರೆ ಕಕ್ಷಿಗಾರನು ವಕಾಲತ್ತು ಬರೆದುಕೊಡುತ್ತಾನೆ; ಬೇಡವೆನಿಸಿದರೆ ಹಿಂದಕ್ಕೆ ಪಡೆಯುತ್ತಾನೆ. ವಾದಮಿತ್ರನಿಗೆ ಮಗುವು ಯಾವ ಕಾಗದಕ್ಕೂ ರುಜು ಮಾಡಿಕೊಟ್ಟಿರುವುದಿಲ್ಲ. ಆದುದರಿಂದಲೇ ಶಾಸನಕರ್ತರು ಅವನನ್ನು ಅಷ್ಟಾಗಿ ನಂಬಲಿಲ್ಲ. ಅವನ ಹಿತಾಸಕ್ತಿ ಮಗುವಿನ ಹಿತಕ್ಕೆ ಪ್ರತಿಕೂಲವಾಗಿರಕೂಡದು. ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಪರವಾಗಿ ರಾಜಿಗೆ ಒಪ್ಪಕೂಡದು. ಮಗು ಪ್ರಾಪ್ತವಯಸ್ಕನಾದ ದಿನ ದಾವೆಯನ್ನು ಮುಂದುವರಿಸುವುದೋ ಬಿಡುವುದೋ ಎಂಬ ಆಯ್ಕೆ ಮಗುವಿನದೇ ಹೊರತು ಅವನದಲ್ಲ. ಹೂಡಿದ ದಾವೆಯೇ ಅಯುಕ್ತವೆಂದು ಕಂಡುಬಂದರೆ ಖರ್ಚನ್ನು ಅವನ ಕೈಯಿಂದಲೇ ಕೊಡಿಸಬಹುದು. ಈ ನಿಯಮಗಳನ್ನು ನೂರಾರು ಕಡತಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಗುರುತಿಸಿದವನು ನಾನು. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಟ್ಟೊಡನೆ ಅವು ನನ್ನನ್ನೇ ಉದ್ದೇಶಿಸಿ ಬರೆದವುಗಳೆಂದು ಹೊಳೆಯುವುದಕ್ಕೆ ಮಾತ್ರ ಹದಿನಾಲ್ಕು ವರ್ಷ ಹಿಡಿಯಿತು.

೨೦೦೫ರಲ್ಲಿ ಮಗನಿಗೆ ನಾಲ್ಕು ತುಂಬಿತ್ತು. ಕರೆದರೆ ತಿರುಗುತ್ತಿರಲಿಲ್ಲ, ಆದರೆ ಮೂರು ಮನೆ ಆಚೆ ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದನು. ನೀರಿನ ಲೋಟಗಳನ್ನು ಸಾಲಾಗಿ ಜೋಡಿಸುವನು, ಒಂದು ಲೋಟ ಕದಲಿದರೆ ಊರು ಕೂಡುವಂತೆ ಅಳುವನು. ಅವನ ಸೋದರಮಾವನೂ ತಡವಾಗಿ ಮಾತು ಕಲಿತವನೆಂದು ಅತ್ತೆಯವರೂ, ಗ್ರಹಚಾರ ನೋಡಿಸಿರೆಂದು ನೆರೆಯವರೂ, ತಾಯಿ ಮುದ್ದು ಮಾಡಿ ಕೆಡಿಸಿದಳೆಂದು ನನ್ನ ಕಡೆಯವರೂ ನಿರ್ಣಯ ಕೊಟ್ಟಾಗಿತ್ತು. ನಾವು ಬಸ್ಸು ಹತ್ತಿ ಮೈಸೂರಿಗೆ ಹೋದೆವು. ೧೯೬೫ರಲ್ಲಿ ಆರಂಭವಾದ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮೊಗಸಾಲೆಯಲ್ಲಿ, ಬೀದರದಿಂದಲೂ ಬಳ್ಳಾರಿಯಿಂದಲೂ ಗಂಟುಮೂಟೆ ಕಟ್ಟಿಕೊಂಡು ಬಂದ ತಾಯಂದಿರ ನಡುವೆ ಕುಳಿತಾಗ, ನಮ್ಮ ಮನೆಯೊಂದರಲ್ಲೇ ನಡೆದ ಅನಾಹುತವಿದಲ್ಲವೆಂಬ ಸಮಾಧಾನ ಮೊದಲ ಬಾರಿಗೆ ಬಂದಿತು. ಪರರ ದುಃಖದಿಂದ ಸಮಾಧಾನ ಪಡೆಯುವುದು ಸಲ್ಲದೆಂಬ ನಾಚಿಕೆಯೂ ಜೊತೆಗೇ ಬಂದಿತು. ಅಲ್ಲಿಯೇ ಹೆಸರು ದೊರೆಯಿತು. ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಕೊಂಡು ಮಗು ಏನು ಮಾಡಿತು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು, ಇಷ್ಟನ್ನು ದಿನವೂ ಬರೆದಿಡಿರೆಂದು ನನ್ನ ಮಡದಿಗೆ ಹೇಳಿದರು. ಅವಳು ಅಂದಿನಿಂದ ಬರೆದಳು. ಆ ಪುಸ್ತಕಗಳು ಇಂದು ಹತ್ತೊಂಬತ್ತು ಇವೆ. ನನ್ನ ಅರ್ಜಿಗಳ ಕಡತಕ್ಕಿಂತ ಅವು ದಪ್ಪ. ಸತ್ಯದಲ್ಲಿಯೂ ತೂಕ ಹೆಚ್ಚು.

ಹೆಸರೇನೋ ದೊರೆಯಿತು, ಕಾನೂನಿನಲ್ಲಿ ಆ ಹೆಸರಿಗೆ ಎಡೆಯಿರಲಿಲ್ಲ. ೧೯೯೫ರ ಅಂಗವಿಕಲರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಎಣಿಸಿತ್ತು. ಆಟಿಸಂ ಆ ಏಳರೊಳಗೆ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಹೆಸರಿಸಿತ್ತೆಂಬುದು ನಿಜ. ಆದರೆ ಪ್ರಮಾಣಪತ್ರ ಕೊಡುವ ಮೇಜಿನವರೆಗೆ ಆ ಮಾತು ನಡೆದು ಬಂದಿರಲಿಲ್ಲ. ಆಸ್ಪತ್ರೆಯೊಂದರ ವೈದ್ಯಮಂಡಳಿಯ ಮುಂದೆ ನಾವು ಕುಳಿತಿದ್ದಾಗ ಅಲ್ಲಿನ ಗುಮಾಸ್ತರು, ನನ್ನ ಜಾತಿಯವರೇ ಅನ್ನಿ, ಗುಮಾಸ್ತರ ಜಾತಿ, ಕಾಗದದಿಂದ ತಲೆಯೆತ್ತದೆ ಕೇಳಿದರು: "ಆಟಿಸಂ ಅನ್ನೋ ಕಾಲಂ ಇಲ್ಲ ಸ್ವಾಮಿ. ಬುದ್ಧಿಮಾಂದ್ಯ ಅಂತ ಬರೀಲೋ, ವಾಪಸ್ ಹೋಗ್ತೀರೋ?" ಬರೆಯಿರಿ ಎಂದೆನು. ಪ್ರಮಾಣಪತ್ರವಿಲ್ಲದೆ ಮಾಸಾಶನವಿಲ್ಲ, ರಿಯಾಯಿತಿಯಿಲ್ಲ, ಶಾಲೆಯಲ್ಲಿ ತೋರಿಸಲು ಒಂದು ಮೊಹರಿಲ್ಲ. ಆ ೩೨ನೆಯ ಆದೇಶದ ೭ನೆಯ ನಿಯಮ ನಿಷೇಧಿಸುವ ಅನುಮತಿರಹಿತ ರಾಜಿಯನ್ನು ನಾನು ಮೊದಲ ಸಲ ಮಾಡಿಕೊಂಡದ್ದು ಅಂದು, ಅರ್ಧ ನಿಮಿಷದಲ್ಲಿ. ಇಂಥ ರಾಜಿಗಳನ್ನು ಮಾಡಿಕೊಳ್ಳದ ತಂದೆತಾಯಿಗಳು ಈ ಸಭೆಯಲ್ಲಿದ್ದರೆ ಅವರಿಗೆ ನನ್ನ ನಮಸ್ಕಾರ.

ಇನ್ನು ಶಾಲೆಯ ಪ್ರಕರಣ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನನ್ನ ಜೀವಮಾನದಲ್ಲಿ ನಾನು ಗೆದ್ದ ಅತ್ಯಂತ ಸಮರ್ಥವಾದ ವ್ಯಾಜ್ಯವದು, ಅತ್ಯಂತ ಮೂರ್ಖವಾದುದೂ ಅದೇ. ೨೦೦೮ರಲ್ಲಿ ಮಗನನ್ನು ಸೇರಿಸಿಕೊಂಡ ಶಾಲೆಯವರು ಅವನನ್ನು ತರಗತಿಯ ಕಡೆಯ ಬೆಂಚಿನಲ್ಲಿ, ಹಿತ್ತಲ ಕಡೆಗೆ ತೆರೆಯುವ ಕಿಟಕಿಯ ಪಕ್ಕ ಕೂರಿಸಿದರು. ಕಡೆಯ ಬೆಂಚೆಂದರೆ ನಮ್ಮ ಕಾಲದವರಿಗೆ ಅರ್ಥ ಒಂದೇ ಅಲ್ಲವೆ? ನನಗೆ ಮೈಯುರಿಯಿತು. ಮುಖ್ಯೋಪಾಧ್ಯಾಯರಿಗೆ ಬರೆದೆನು; ಉತ್ತರ ಬಾರದಿರಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದೆನು; ಸಮಾನತೆ, ಅವಮಾನ, ಭೇದಭಾವ ಮೊದಲಾದ ಪದಗಳನ್ನು ಅಡಿಗೆರೆಯೆಳೆದು ಬರೆದೆನು. ಮೂರು ತಿಂಗಳು ಓಡಾಡಿ, ಅವನನ್ನು ಮೊದಲನೆಯ ಬೆಂಚಿಗೆ, ಬಾಗಿಲ ಬಳಿಗೆ ತಂದು ಕೂರಿಸಿದೆನು. ಅಂದು ಸಂಜೆ ಮನೆಯಲ್ಲಿ ಪಾಯಸವಾಯಿತು. ಎರಡು ವಾರಗಳೊಳಗೆ ಮಗನು ಶಾಲೆಯ ಗೇಟಿನ ಬಳಿ ನೆಲಕ್ಕೆ ಕುಸಿದು ಕುಳಿತುಕೊಳ್ಳತೊಡಗಿದನು. ಮಣಿಕಟ್ಟನ್ನು ಹಲ್ಲಿನ ಗುರುತು ಮೂಡುವಂತೆ ಕಚ್ಚಿಕೊಳ್ಳತೊಡಗಿದನು. ಉಪಾಧ್ಯಾಯರು ಹೊಡೆದಿರಬೇಕೆಂದು ಊಹಿಸಿ ಇನ್ನೊಂದು ದೂರನ್ನು ಬರೆಯಲು ಕುಳಿತೆನು. ಆಗ ಆ ಶಾಲೆಯ ಆಯಾ, ಹೆಬ್ಬೆಟ್ಟೊತ್ತಿ ಸಂಬಳ ಪಡೆಯುತ್ತಿದ್ದ ಹೆಂಗಸು, ನನ್ನನ್ನು ಮರದಡಿಗೆ ಕರೆದು, "ಸಾರ್, ಗಂಟೆ ಹೊಡಿಯಕ್ಕೆ ನಾನು ಸುತ್ತಿಗೆ ಎತ್ತಿದ್ರೆ ಸಾಕು, ಮಗ ನಡುಗ್ತದೆ. ಗಂಟೆ ಇರೋದು ಆ ಬಾಗಿಲ್ ಮುಂದೇನೇ ಅಲ್ವಾ? ಹಿಂದ್ಗಡೆ ಕೂತಿದ್ದಾಗ ಸುಖವಾಗಿತ್ತು" ಎಂದಳು. ರೈಲು ಕಂಬಿಯ ತುಂಡೊಂದನ್ನು ಜಗುಲಿಯ ತೊಲೆಗೆ ತೂಗುಹಾಕಿದ್ದರು. ದಿನಕ್ಕೆ ಒಂಬತ್ತು ಸಲ ಅದು ಮೊಳಗುತ್ತಿತ್ತು, ನಾನು ಗೆದ್ದುಕೊಟ್ಟ ಸ್ಥಾನದಿಂದ ನಾಲ್ಕು ಮಾರು ದೂರದಲ್ಲಿ.

ಮಡದಿಯ ನೋಟ್‌ಪುಸ್ತಕವನ್ನು ಆ ರಾತ್ರಿ ತೆರೆದು ನೋಡಿದರೆ, ಜೂನ್ ತಿಂಗಳ ಪುಟದಲ್ಲಿಯೇ 'ಕಿಟಕಿ ಇಷ್ಟ. ಗಂಟೆ ಆಗದು' ಎಂದು ಬರೆದಿತ್ತು. ನನಗೇಕೆ ಹೇಳಲಿಲ್ಲವೆಂದು ರೇಗಿದೆನು. "ನೀವು ಕೇಳಿದ್ದು ಶಾಲೆಯವರು ಏನಂದ್ರು ಅಂತ; ಇವನು ಏನಂತಾನೆ ಅಂತ ಕೇಳ್ಲಿಲ್ಲವಲ್ಲ" ಎಂದಳು ಅವಳು. ಅರ್ಜಿಯನ್ನು ನಾನು ಬರೆದದ್ದು ಮಗನ ಹೆಸರಿನಲ್ಲಿ. ಆದರೆ ವಾದಿಯ ಸ್ಥಾನದಲ್ಲಿದ್ದುದು ಶಾಲೆಯ ದಿನಗಳಲ್ಲಿ ಎಂದೋ ಕಡೆಯ ಬೆಂಚಿನಲ್ಲಿ ಕುಳಿತು ನೊಂದ ನಾನೇ. ವಾದಮಿತ್ರನ ಹಿತಾಸಕ್ತಿ ಪ್ರತಿಕೂಲವಾಗಿರಕೂಡದೆಂದಾಗ ಸಂಹಿತೆಯು ಎಣಿಸಿದ್ದು ಹೊಲ ಮನೆಗಳ ಪಾಲನ್ನು. ತಂದೆತಾಯಿಗಳ ಅಭಿಮಾನವೂ ಒಂದು ಸ್ವತ್ತೆಂಬುದು, ಅದಕ್ಕೂ ಮಗುವಿನ ಹಿತಕ್ಕೂ ಗಡಿತಂಟೆ ಏಳಬಹುದೆಂಬುದು ಆ ಶಾಸನಕರ್ತರ ಗಮನಕ್ಕೆ ಬಂದಿರಲಾರದು. ಮರುವಾರ ಹೋಗಿ, ದಯವಿಟ್ಟು ನನ್ನ ಮಗನನ್ನು ಕಡೆಯ ಬೆಂಚಿಗೇ ಕಳುಹಿಸಿರೆಂದು ಬರೆದುಕೊಟ್ಟೆನು. ಮುಖ್ಯೋಪಾಧ್ಯಾಯರು ಅದನ್ನು ಓದುವಾಗ ಅವರ ಮುಖವನ್ನು ನಾನು ನೋಡಲಿಲ್ಲ. ಅಯುಕ್ತ ದಾವೆಯ ಖರ್ಚೆಂದರೆ ಅದೇ ಇರಬೇಕು. ಆಯಾ ಮಾತ್ರ ಅಂದಿನಿಂದ, ಸುತ್ತಿಗೆಯೆತ್ತುವ ಮುನ್ನ ಕಿಟಕಿಯ ಬಳಿ ಬಂದು ಅವನಿಗೆ ಒಂದು ಬೆರಳು ತೋರಿಸಿ ಹೋಗುತ್ತಿದ್ದಳು. ಅವನು ಕಿವಿ ಮುಚ್ಚಿಕೊಳ್ಳುವನು, ಗಂಟೆ ಮೊಳಗುವುದು, ಕೈ ತೆಗೆಯುವನು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ಯುಕ್ತ ಅನುಕೂಲವೆಂಬ ಗಂಭೀರವಾದ ಹೆಸರಿಟ್ಟು ಏನನ್ನು ವಿಧಿಸಿತೋ, ಅದನ್ನು ಆ ಹೆಂಗಸು ಎಂಟು ವರ್ಷ ಮುಂಚೆಯೇ ಒಂದು ಬೆರಳಿನಲ್ಲಿ ನಡೆಸಿಕೊಟ್ಟಿದ್ದಳು.

ಇದನ್ನು ಕೇಳಿ, ಹಾಗಾದರೆ ಅರ್ಜಿಗಳೆಲ್ಲ ವ್ಯರ್ಥವೆ ಎಂದು ಯಾರಾದರೂ ಕೇಳಿಯಾರು. ವ್ಯರ್ಥವೆಂದು ಗುಮಾಸ್ತನ ಬಾಯಿಂದ ಎಂದಿಗೂ ಬಾರದು. ಆಡಿದ ಮಾತು ಗಾಳಿಗೆ, ಬರೆದ ಮಾತು ಕಡತಕ್ಕೆ. ಕಚೇರಿಯ ಬಾಗಿಲಲ್ಲಿ 'ಆಗಲ್ಲ ಹೋಗಿ' ಎಂಬ ಮಾತನ್ನು ಕೇಳಿ ಕಣ್ಣೊರೆಸಿಕೊಂಡು ಹಿಂದಿರುಗುವ ತಾಯಂದಿರನ್ನು ನಾನು ಎಷ್ಟೋ ಕಂಡಿದ್ದೇನೆ. ಅವರಿಗೆ ನಾನು ಹೇಳುತ್ತ ಬಂದಿರುವುದು ಇಷ್ಟೆ: ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ನಕಲಿನ ಮೇಲೆ ಮೊಹರು ತಾರೀಖು ಹಾಕಿಸಿಕೊಳ್ಳಿರಿ; ಆಗದೆಂದರೆ, ಆಗದೆಂಬುದಕ್ಕೆ ಹಿಂಬರಹ ಕೊಡಿರೆಂದು ಮೆತ್ತಗೆ ಕೇಳಿರಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿಯಿಲ್ಲ, ಹಿಂಬರಹಕ್ಕೆ ಉಂಟು. ಹಿಂಬರಹವೆಂದೊಡನೆ ಎಷ್ಟೋ ಬಾರಿ ಆಗದ ಕೆಲಸ ಆಗುತ್ತದೆ. ಏಕೆಂದರೆ ಬರೆದು ನಿರಾಕರಿಸುವುದಕ್ಕೆ ಕಾರಣ ಬೇಕು. ಕಾರಣವೆಂಬುದು ನಮ್ಮ ಕಚೇರಿಗಳಲ್ಲಿ ಸುಲಭವಾಗಿ ಸಿಕ್ಕುವ ಪದಾರ್ಥವಲ್ಲ. ಅಲ್ಲಿಯೂ ಕದಲದಿದ್ದರೆ ರಾಜ್ಯದಲ್ಲಿ ಅಂಗವಿಕಲರ ಅಹವಾಲುಗಳಿಗೆಂದೇ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರಗಳನ್ನು ಕಾನೂನು ಅವರಿಗೆ ಕೊಟ್ಟಿದೆ.

ಆದರೆ ಏನನ್ನು ಬರೆಯಬೇಕೆಂಬುದನ್ನು ನನಗೆ ಕಲಿಸಿದವಳು ಹಳ್ಳಿಯ ಒಬ್ಬ ಕೂಲಿಯ ಹೆಣ್ಣುಮಗಳು. ಸೆರೆಬ್ರಲ್ ಪಾಲ್ಸಿಯಿಂದ ಕಾಲು ಬಿಗಿದ ಮಗಳಿದ್ದಳು ಅವಳಿಗೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನು, ಅವನೂ ಊರುಗೋಲಿನವನೇ, ಕೋರ್ಟಿನಲ್ಲಿ ಬರೆದುಕೊಡುವವರಿದ್ದಾರೆಂದು ಅವಳನ್ನು ನನ್ನಲ್ಲಿಗೆ ಕಳುಹಿಸಿದ್ದನು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು. ನಾನು ಕಲಮುಗಳನ್ನು ಹೆಸರಿಸಿ ಮೂರು ಪುಟ ಬರೆದು ಓದಿ ಹೇಳಿದೆನು. ಅವಳು ತಾಳ್ಮೆಯಿಂದ ಕೇಳಿ, "ಅಷ್ಟೆಲ್ಲ ಬ್ಯಾಡಿ ಬುದ್ಧೀ. ಇಸ್ಕೂಲಿನ ಕಕ್ಕಸಿಗೆ ಎರಡು ಮೆಟ್ಲವೆ, ಮಗಿ ಹತ್ತಕಾಗಲ್ಲ, ಒಂದು ಹಲಗೆ ಹಾಕ್ಸಿ ಅಂತ ಬರ್ಕೊಡಿ" ಎಂದಳು. ಒಂದು ವಾಕ್ಯದ ಅರ್ಜಿ ಹೋಯಿತು. ಹನ್ನೆರಡು ದಿನಕ್ಕೆ ಹಲಗೆ ಬಿದ್ದಿತು. ಆ ಹುಡುಗಿ ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಿದ್ದಳೆಂಬುದೂ, ಹಲಗೆ ಬಿದ್ದ ಮೇಲೆ ಕುಡಿಯತೊಡಗಿದಳೆಂಬುದೂ ನನಗೆ ತಿಳಿದದ್ದು ಆಮೇಲೆ. ಆ ತಾಯಿ ತನ್ನ ಮಗಳ ದಿನವನ್ನು ಮಗಳ ಮೈಯೊಳಗಿನಿಂದ ಕಂಡಿದ್ದಳು. ನನ್ನ ಮೂರು ಪುಟಗಳಲ್ಲಿ ಸಂವಿಧಾನವಿತ್ತು, ನೀರು ಇರಲಿಲ್ಲ.

ಇಲ್ಲಿ ಒಂದು ಕ್ಷಣ ಕಡಲಾಚೆಗೆ ಹೋಗಿಬರಲು ಅಪ್ಪಣೆಯಾಗಬೇಕು. ನ್ಯಾಯಾಲಯದ ಮನುಷ್ಯನಿಗೆ ಒಳ್ಳೆಯ ವ್ಯಾಜ್ಯದ ಸುದ್ದಿ ಎಲ್ಲಿಯದಾದರೂ ರುಚಿಯೇ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ, ಮನೋವಯಸ್ಸು ಐದು ಮುಟ್ಟದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದಿರಲು ಕಾನೂನೇ ಅವಕಾಶ ಕೊಟ್ಟಿತ್ತು. ೧೯೭೧ರಲ್ಲಿ ಅಲ್ಲಿನ ತಂದೆತಾಯಿಗಳ ಸಂಘವು ರಾಜ್ಯದ ಮೇಲೆ ದಾವೆ ಹೂಡಿತು. ಮರುವರ್ಷ ಅದು ರಾಜಿ ಡಿಕ್ರಿಯಲ್ಲಿ ಮುಗಿಯಿತು. ಅದೇ ೧೯೭೨ರಲ್ಲಿ ವಾಷಿಂಗ್ಟನ್ ನಗರದ ಶಾಲಾಮಂಡಳಿ ಇಂಥದೇ ಮೊಕದ್ದಮೆಯಲ್ಲಿ ಹಣವಿಲ್ಲವೆಂದು ವಾದಿಸಲು, ಹಣದ ಕೊರತೆಯ ಭಾರ ಈ ಮಕ್ಕಳ ಮೇಲೆಯೇ ಹೆಚ್ಚಾಗಿ ಬೀಳುವಂತಿಲ್ಲವೆಂದು ನ್ಯಾಯಾಧೀಶರು ತೀರ್ಪಿತ್ತರು. ೧೯೭೫ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಶಾಸನ ಬಂದಿತು. ವೈಕಲ್ಯವುಳ್ಳ ಎಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದಾರೆಂದೂ, ಅವರಲ್ಲಿ ಹತ್ತು ಲಕ್ಷ ಮಂದಿ ಸಾರ್ವಜನಿಕ ಶಾಲೆಗಳಿಂದ ಸಂಪೂರ್ಣವಾಗಿ ಹೊರಗುಳಿದಿದ್ದಾರೆಂದೂ ಆ ಶಾಸನವೇ ಒಪ್ಪಿಕೊಂಡಿತು. ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಶಿಕ್ಷಣಯೋಜನೆಯನ್ನು ಬರೆಯತಕ್ಕದ್ದು, ಬರೆಯುವ ಸಭೆಯಲ್ಲಿ ತಂದೆತಾಯಿಗಳಿಗೆ ಸ್ಥಾನವಿರತಕ್ಕದ್ದು ಎಂಬುದು ಅದರ ತಿರುಳು. ನನಗೆ ಅದರಲ್ಲಿ ಹಿಡಿಸಿದ್ದು ಆ ಸ್ಥಾನವೇ. ಹತ್ತು ವರ್ಷ ನಾನು ಮೇಜುಗಳ ಮುಂದೆ ನಿಂತೇ ಮಾತನಾಡಿದವನು.

ಆದರೆ ಕುರ್ಚಿ ನಮ್ಮಲ್ಲಿಯೂ ಇದೆ; ಹುಡುಕಿ ಎಳೆದುಕೊಳ್ಳಬೇಕು, ಅಷ್ಟೆ. ೨೦೦೯ರ ಶಿಕ್ಷಣದ ಹಕ್ಕಿನ ಅಧಿನಿಯಮದ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ, ನಾವು ಎಸ್‌ಡಿಎಂಸಿ ಎನ್ನುವುದರಲ್ಲಿ, ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಆಗಿರಬೇಕು. ಅವಕಾಶವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ಪ್ರಮಾಣಾನುಸಾರ ಪ್ರಾತಿನಿಧ್ಯವಿರಬೇಕು. ೨೦೧೨ರ ತಿದ್ದುಪಡಿಯು ವೈಕಲ್ಯವುಳ್ಳ ಮಕ್ಕಳನ್ನು ಆ ಗುಂಪಿಗೆ ಸೇರಿಸಿತು. ೧೯೯೯ರ ಅಧಿನಿಯಮದಲ್ಲಿ ಹೆಸರಿಸಿದ್ದ ಆಟಿಸಂ ಕೂಡ ಆ ಬಾಗಿಲಿನಿಂದ ಶಾಲೆಯೊಳಕ್ಕೆ ಬಂದಿತು. ನನ್ನ ಮಗನಿಗೆ ಆಗ ಹನ್ನೊಂದು ವರ್ಷ. ೨೦೧೬ರ ಅಧಿನಿಯಮವು ೨೦೧೭ರ ಏಪ್ರಿಲ್ ೧೯ರಂದು ಜಾರಿಗೆ ಬಂದಾಗ ಏಳಿದ್ದ ಪಟ್ಟಿ ಇಪ್ಪತ್ತೊಂದಾಯಿತು. ಅವನ ಸ್ಥಿತಿಗೆ ಅದರದೇ ಹೆಸರು, ಅದರದೇ ಕಾಲಂ ದೊರೆಯಿತು. ಶೇಕಡ ೪೦ ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ ಆರರಿಂದ ಹದಿನೆಂಟು ವಯಸ್ಸಿನವರೆಗೆ, ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕುಂಟೆಂದು ೩೧ನೆಯ ಕಲಮು ಹೇಳಿತು. ನಮಗದು ಸಂಜೆಯಾದ ಮೇಲೆ ಬಂದ ಕೊಡೆ. ನಮ್ಮ ಹಿಂದೆ ಬರುವವರು ನೆನೆಯಲಾರರಷ್ಟೆ.

ಏಕೆಂದರೆ ಅಷ್ಟರಲ್ಲಿ ನಾನು ಇನ್ನೆಷ್ಟೋ ರಾಜಿಗಳಿಗೆ ರುಜು ಹಾಕಿಯಾಗಿತ್ತು. ನಡುವೆ ಸೇರಿಸಿದ ಇನ್ನೊಂದು ಶಾಲೆಯವರು, ಮಗುವಿನ ತಾಯಿ ಶಾಲಾಸಮಯವೆಲ್ಲ ಜಗುಲಿಯಲ್ಲಿ ಕುಳಿತಿರಬೇಕೆಂದೂ, ವಾರ್ಷಿಕೋತ್ಸವದ ದಿನ ಮಗುವನ್ನು ಕಳುಹಿಸಕೂಡದೆಂದೂ ಮುಚ್ಚಳಿಕೆ ಬರೆಸಿಕೊಂಡರು. ಕರಡನ್ನು ಸಿದ್ಧಪಡಿಸಿದವನು ನಾನೇ. ಭಾಷೆ ಚೆನ್ನಾಗಿದೆಯೆಂದು ಅವರು ಮೆಚ್ಚಿದರು. ಎರಡು ವರ್ಷ ನನ್ನ ಮಡದಿ ಆ ಜಗುಲಿಯ ಮೇಲೆ ಕುಳಿತು ಊರಿನವರ ಸೀರೆಗಳಿಗೆಲ್ಲ ಕುಚ್ಚು ಕಟ್ಟಿದಳು. ಪೇಟೆಯಲ್ಲಿ ಜನ ನನ್ನನ್ನು ಕಂಡು, ಮಗನಿಗಾಗಿ ಎಷ್ಟು ಹೋರಾಡುತ್ತೀರಿ ರಾಯರೆ ಎಂದು ಹೊಗಳುತ್ತಿದ್ದ ಕಾಲವೂ ಅದೇ.

ಈ ವಿಷಯದಲ್ಲಿ ಇನ್ನೊಂದು ಕಷ್ಟವಿದೆ. ಅದನ್ನು ಬಲ್ಲವರು ಬಲ್ಲರು, ಸಭೆಗಳಲ್ಲಿ ಹೇಳುವವರು ಕಡಮೆ. ಆಟಿಸಂ ಎಷ್ಟರಮಟ್ಟಿಗಿದೆಯೆಂದು ಅಳೆಯುವುದಕ್ಕೆ ನಮ್ಮ ದೇಶದಲ್ಲಿ ಬಳಸುವ ಮಾಪಕದಲ್ಲಿ ೪೦ ಪ್ರಶ್ನೆಗಳಿವೆ. ಒಂದೊಂದಕ್ಕೂ ೧ರಿಂದ ೫ರವರೆಗೆ ಅಂಕ. ಅಂಕ ಏರಿದಷ್ಟೂ ವೈಕಲ್ಯದ ಶೇಕಡ ಏರುತ್ತದೆ. ಶೇಕಡ ಏರಿದರೆ ಸೌಲಭ್ಯ. ಆದುದರಿಂದ ಪ್ರಮಾಣಪತ್ರದ ಕೋಣೆಯಲ್ಲಿ ತಂದೆಯು ಮಗನಿಗೆ ಏನೇನು ಬಾರದೋ ಅದನ್ನೆಲ್ಲ ಕೂಡಿಸಿ ಹೇಳುತ್ತಾನೆ. ಪ್ರವೇಶದ ಕೋಣೆಯಲ್ಲಿ ಏನೇನು ಬರುವುದೋ ಅದನ್ನೆಲ್ಲ ಪೋಣಿಸಿ ಹೇಳುತ್ತಾನೆ. ಒಂದೇ ಪ್ರಮಾಣದ ಮೇಲೆ ಎರಡು ಸಾಕ್ಷ್ಯ. ೨೦೧೭ರ ಒಂದು ದಿನ, ಬೆಳಗ್ಗೆ ಆಸ್ಪತ್ರೆಯಲ್ಲಿ ಪ್ರಮಾಣಪತ್ರದ ನವೀಕರಣ, ಮಧ್ಯಾಹ್ನ ಅದೇ ಊರಿನ ತರಬೇತಿ ಕೇಂದ್ರವೊಂದರಲ್ಲಿ ಪ್ರವೇಶದ ಸಂದರ್ಶನ, ಎರಡೂ ಕೂಡಿಬಂದವು. ಎರಡೂ ಕಡೆ ನಾನು ಯಶಸ್ವಿಯಾದೆನು. ಹಿಂದಿರುಗುವಾಗ ಬಸ್ಸಿನಲ್ಲಿ ಮಗನು ನನ್ನ ಪಕ್ಕದಲ್ಲಿ, ಎಂದಿನಂತೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದನು. ಕೇಳಿದ ಮಾತನ್ನು ಕೇಳಿದ ಧ್ವನಿಯಲ್ಲಿಯೇ ಎಷ್ಟೋ ಹೊತ್ತಿನ ಮೇಲೆ ಮರುನುಡಿಯುವುದು ಇಂಥ ಮಕ್ಕಳಲ್ಲಿ ಹಲವರ ರೂಢಿ. ಊರು ಇನ್ನೂ ಎರಡು ಮೈಲಿಯಿದೆಯೆನ್ನುವಾಗ ಅವನು, ನನ್ನದೇ ಗಂಟಲಿನಲ್ಲಿ, ನನ್ನದೇ ವಿನಯದಲ್ಲಿ, "ಇವನಿಗೆ ಏನೂ ಗೊತ್ತಾಗಲ್ಲ ಸಾರ್" ಎಂದನು. ಮುಂದಿನ ಸೀಟಿನವರು ತಿರುಗಿ ನೋಡಿದರು. ಊರು ಬರುವವರೆಗೂ ಅವನು ಅದನ್ನು ಹನ್ನೊಂದು ಸಲ ಹೇಳಿದನು. ಮನೆಗೆ ಬಂದು ನಾನೇ ಅದನ್ನು ನೋಟ್‌ಪುಸ್ತಕದಲ್ಲಿ ಬರೆದೆನು. ಆ ಹತ್ತೊಂಬತ್ತು ಪುಸ್ತಕಗಳಲ್ಲಿ ನನ್ನ ಕೈಬರಹವಿರುವ ಪುಟ ಅದೊಂದೇ. ಅಲ್ಲಿಂದೀಚೆಗೆ ಅವನ ಎದುರಿನಲ್ಲಿ ಅವನ ವಿಷಯವನ್ನು ಮಾತನಾಡುವಾಗ, ಅವನಿಗೆ ಒಪ್ಪಿಸುತ್ತಿದ್ದೇನೆಂಬಂತೆ, ಅವನ ಕಡೆಗೆ ಅರ್ಧ ತಿರುಗಿ ಮಾತನಾಡುವ ಅಭ್ಯಾಸ ಮಾಡಿಕೊಂಡೆನು. ಕೆಲವು ಅಧಿಕಾರಿಗಳಿಗೆ ಅದು ವಿಚಿತ್ರವಾಗಿ ಕಂಡಿರಬಹುದು.

೨೦೧೯ರಲ್ಲಿ ಅವನಿಗೆ ಹದಿನೆಂಟು ತುಂಬಿತು. ೩೨ನೆಯ ಆದೇಶದ ೧೨ನೆಯ ನಿಯಮದಲ್ಲಿ ನನಗೆ ಬಹಳ ಪ್ರಿಯವಾದ ಒಂದು ವಿವರವಿದೆ. ಪ್ರಾಪ್ತವಯಸ್ಕನಾದ ವಾದಿಯು ದಾವೆಯನ್ನು ಮುಂದುವರಿಸುವೆನೆಂದರೆ, ಕಡತದ ಮೇಲಿನ ಹೆಸರನ್ನೇ ತಿದ್ದಬೇಕು: ಹಿಂದೆ ಬಾಲಕನಾಗಿದ್ದು ಇಂಥ ವಾದಮಿತ್ರನ ಮೂಲಕ ಬಂದವನು, ಈಗ ಪ್ರಾಪ್ತವಯಸ್ಕನು, ಎಂದು. ಮಿತ್ರನ ಹೆಸರನ್ನು ಅಳಿಸುವುದಿಲ್ಲ, ಭೂತಕಾಲಕ್ಕೆ ಸರಿಸುತ್ತಾರೆ. ಈ ತಿದ್ದುಪಡಿಯನ್ನು ನಾನು ಎಷ್ಟೋ ಕಡತಗಳಲ್ಲಿ ಕೈಯಾರೆ ಬರೆದವನು. ಆದರೆ ಸ್ವಂತ ಮಗನ ವಿಷಯ ಬಂದಾಗ ಬರೆದದ್ದು ಅದಕ್ಕೆ ವಿರುದ್ಧವಾದ ಅರ್ಜಿಯನ್ನು. ೧೯೯೯ರ ಅಧಿನಿಯಮದ ಮೇರೆಗೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಯು ಇಂಥವರಿಗೆ ಪೋಷಕರನ್ನು ನೇಮಿಸಬಹುದು; ಬ್ಯಾಂಕಿನ ಖಾತೆ, ಆಸ್ತಿ, ನಾವು ಹೋದಮೇಲಿನ ಗತಿ, ಇವನ್ನೆಲ್ಲ ಎಣಿಸಿ ಎಲ್ಲ ತಂದೆತಾಯಿಗಳಂತೆ ನಾವೂ ಅರ್ಜಿ ಹಾಕಿದೆವು. ೨೦೧೬ರ ಕಾನೂನು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದಾರಿಯನ್ನು ತೋರಿಸಿದೆಯೆಂಬುದನ್ನೂ ಹೇಳಬೇಕು. ಗೊತ್ತಾದ ನಿರ್ಧಾರಕ್ಕೆ, ಗೊತ್ತಾದ ಅವಧಿಗೆ, ಪರಸ್ಪರ ವಿಶ್ವಾಸದಿಂದ, ಆ ವ್ಯಕ್ತಿಯ ಇಚ್ಛೆಗೆ ಅನುಸಾರವಾಗಿ ಇಬ್ಬರೂ ಕೂಡಿ ತೀರ್ಮಾನಿಸುವ ಸೀಮಿತ ಪೋಷಕತ್ವವದು. ಕಾಗದದ ಮೇಲೆ ಈ ಎರಡು ಕಾನೂನುಗಳ ನಡುವೆ ಇರುವ ದೂರ, ಒಂದು ತಲೆಮಾರಿನ ದೂರ.

ವಿಚಾರಣೆಯ ದಿನ ಅಲ್ಲಿದ್ದ ಅಧಿಕಾರಿಯೊಬ್ಬರು ಕಡತವನ್ನು ಮುಚ್ಚಿ, ನನ್ನನ್ನು ಬಿಟ್ಟು ನೇರವಾಗಿ ಅವನನ್ನು, "ನಿನಗೆ ಏನು ಬೇಕಪ್ಪಾ?" ಎಂದು ಕೇಳಿದರು. ಹದಿನಾಲ್ಕು ವರ್ಷಗಳ ಕಚೇರಿ ಅಲೆದಾಟದಲ್ಲಿ ಯಾರೂ ಕೇಳದ ಪ್ರಶ್ನೆ. ಕೇಳದವರಲ್ಲಿ ನಾನೂ ಒಬ್ಬನು. ಮಗನು ಬಹಳ ಹೊತ್ತು ಮೇಜಿನ ಅಂಚನ್ನು ನೋಡಿ, "ಬಸ್ಸು" ಎಂದನು. ಎಲ್ಲರೂ ನಕ್ಕರು, ಬೇಗ ಮನೆಗೆ ಹೋಗಬೇಕಂತೆ ಎಂದು ನಾನೇ ಅರ್ಥ ಹೇಳಿದೆನು. ಮಡದಿ ನಗಲಿಲ್ಲ. ರಾತ್ರಿ ಹಳೆಯ ನೋಟ್‌ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತವಳು, "ನೋಡಿ, ಎರಡು ವರ್ಷದಿಂದ ಹೇಳ್ತಾ ಇದಾನೆ. ಬೆಳಿಗ್ಗೆ ನೀವು ಸ್ಕೂಟರ್ ತೆಗೆದಾಗಲೆಲ್ಲ ಬಸ್ಸು ಅಂತಾನೆ" ಎಂದಳು. ಅಷ್ಟರಲ್ಲಿ ಅವನು ಊರಾಚೆಯ ಸಸಿಗಳ ನರ್ಸರಿಯೊಂದರಲ್ಲಿ ಪಾಲಿಥೀನ್ ಚೀಲಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಹೋಗುತ್ತಿದ್ದನು. ದಿನಕ್ಕೆ ಮುನ್ನೂರು ಚೀಲ. ಎಣಿಕೆ ಒಂದೂ ತಪ್ಪದು. ನಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆನು. ಅವನು ಒಬ್ಬನೇ ಬಸ್ಸು ಹತ್ತಿ ಕೆಲಸಕ್ಕೆ ಹೋಗಬಯಸುತ್ತಾನೆಂಬ ಅಹವಾಲು ನನ್ನ ಯಾವ ಅರ್ಜಿಯಲ್ಲಿಯೂ ಇರಲಿಲ್ಲ.

ಒಂದು ತಿಂಗಳು ತಾಯಿ ಅವನೊಡನೆ ಹೋಗಿಬಂದು ನಿಲ್ದಾಣಗಳನ್ನು ಎಣಿಸಿ ಕಲಿಸಿದಳು. ರಿಯಾಯಿತಿ ಪಾಸಿಗೆ ಬೇಕಾದ ಕಾಗದಗಳನ್ನು ನಾನು ಒಂದೇ ಬಾರಿಗೆ ಸರಿಯಾಗಿ ಜೋಡಿಸಿಕೊಟ್ಟೆನು. ಅಷ್ಟಕ್ಕಾದರೂ ಗುಮಾಸ್ತಿಕೆ ಒದಗಿತು. ಅವನು ಒಬ್ಬನೇ ಹೊರಟ ಮೊದಲ ದಿನ, ಕಂಡಕ್ಟರರ ಸೀಟಿಯ ಸದ್ದಿಗೆ ಏನಾಗುವುದೋ ಎಂಬ ಭಯದಿಂದ ನಾನು ಸ್ಕೂಟರಿನಲ್ಲಿ ಬಸ್ಸಿನ ಹಿಂದೆಯೇ ಹೋದೆನು. ಹಿಂದಿನ ಗಾಜಿನಲ್ಲಿ ಅವನ ತಲೆ ಕಾಣುತ್ತಿತ್ತು. ಕಡೆಯ ಸಾಲು, ಕಿಟಕಿಯ ಪಕ್ಕ. ಪ್ರತಿ ನಿಲ್ದಾಣದಲ್ಲಿಯೂ ಕಂಡಕ್ಟರರು ಸೀಟಿಯನ್ನು ತುಟಿಗೆ ತರುವುದಕ್ಕೆ ಸರಿಯಾಗಿ ಮುಂಚೆ ಅವನ ಎರಡು ಕೈಗಳೂ ಕಿವಿಗೆ ಏರುತ್ತಿದ್ದವು, ಬಸ್ಸು ಹೊರಟೊಡನೆ ಇಳಿಯುತ್ತಿದ್ದವು.

ಮರುದಿನ ಬೆಳಗ್ಗೆ ನಾನು ಮತ್ತೆ ಸ್ಕೂಟರನ್ನು ಹೊರಗೆ ತೆಗೆಯುತ್ತಿದ್ದಾಗ ಅವನು ಬುತ್ತಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಬಂದನು. ನನ್ನ ಮುಖವನ್ನು ನೋಡಲಿಲ್ಲ. ಸ್ಕೂಟರಿನಿಂದ ಬೀಗದ ಕೈಯನ್ನು ತೆಗೆದುಕೊಂಡು ಒಳಕ್ಕೆ ಹೋಗಿ, ಅದನ್ನು ಮೊಳೆಗೆ ತಗುಲಿಹಾಕಿ, ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದ ಕಡೆಗೆ ಹೊರಟುಹೋದನು.